ಮುಳ್ಳು ಹೇಳಿದ ಸುಳ್ಳು

ಮನುಷ್ಯ ಸುಳ್ಳು ಹೇಳಿದರೆ ಅವನ ಮುಖದಲ್ಲಿ ಎಲ್ಲಿಯಾದರೊಂದು ಕಡೆ ಅದು ಕಾಣಿಸಿಕೊಳ್ಳುತ್ತದೆ. ಯಂತ್ರ ಸುಳ್ಳು ಹೇಳಿದರೆ ಕಾಣಿಸುವುದಿಲ್ಲ. ಅದು ಗಾಜಿನ ಹಿಂದೆ ಕುಳಿತು, ಬಿಳಿಯ ಅಂಕಿಗಳನ್ನು ತೋರಿಸುತ್ತ, ಹರಿಶ್ಚಂದ್ರನ ಗಾಂಭೀರ್ಯದಿಂದಲೇ ಸುಳ್ಳು ಹೇಳುತ್ತದೆ. ಅದನ್ನು ನಂಬಿ ನಡೆದವನು ತಿಳಿಯದೆ ತಾನೂ ಸುಳ್ಳುಗಾರನಾಗುತ್ತಾನೆ. ಇಂಥದೊಂದು ಸುಳ್ಳಿನ ಮೂಲವನ್ನು ಹುಡುಕಿ ತಿದ್ದಿದ ವೃತ್ತಾಂತವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಚರಿತ್ರೆಯನ್ನು ಬೋಧಿಸುವ ಇವರಿಗೆ ಮೋಟಾರು ಗಾಡಿಯ ಗೊಡವೆ ಏಕೆ ಎಂದು ವಿದ್ಯಾರ್ಥಿಮಿತ್ರರು ನಗಬಹುದು. ನಗಲಿ. ಸಾಕ್ಷಿಗಳನ್ನು ಬೇರೆಬೇರೆಯಾಗಿ ವಿಚಾರಿಸಿ, ಅವು ಎಲ್ಲಿ ಒಪ್ಪುತ್ತವೆ, ಎಲ್ಲಿ ಒಪ್ಪುವುದಿಲ್ಲ ಎಂದು ನೋಡುವ ಅಭ್ಯಾಸ ನನಗೆ ಮೊದಲು ಹತ್ತಿದ್ದು ಶಾಸನಗಳ ಮುಂದೆ ಅಲ್ಲ. ನಮ್ಮ ತಂದೆಯವರ ಅಂಬಾಸಡರ್ ಕಾರಿನ ಕೆಳಗೆ ಮಲಗಿ.

ನಮ್ಮ ತಂದೆಯವರು ಹಾಸನದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ೧೯೮೬ರ ಬಿಳಿಯ ಅಂಬಾಸಡರ್ ನಮ್ಮ ಮನೆಗೆ ಅನ್ನ ಹಾಕಿದ ಗಾಡಿ. ೨೦೧೪ರಲ್ಲಿ, ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ, ಬೆಂಗಳೂರಿನಿಂದ ಬಂದಿದ್ದ ಹಿರಿಯರೊಬ್ಬರು ಕುಟುಂಬಸಹಿತ ಹಳೇಬೀಡನ್ನು ನೋಡಲು ನಮ್ಮ ಕಾರು ಮಾಡಿಕೊಂಡರು. ಬಾಡಿಗೆ ಕಿಲೋಮೀಟರಿಗೆ ೧೨ ರೂಪಾಯಿ. ಸಂಜೆ ಹಿಂತಿರುಗಿದಾಗ ಮೀಟರು ೬೮ ಕಿಲೋಮೀಟರ್ ತೋರಿಸಿತು. ತಂದೆಯವರು ೮೧೬ ರೂಪಾಯಿ ಕೇಳಿದರು. ಆ ಹಿರಿಯರು ತಮ್ಮ ಮೊಬೈಲು ಫೋನನ್ನು ಮುಂದೆ ಹಿಡಿದು, "ಇದರಲ್ಲಿ ೬೨ ಅಂತ ಇದೆಯಲ್ಲ. ಮೀಟರು ತಿದ್ದಿಸಿ ಇಟ್ಟಿದ್ದೀರೇನ್ರೀ?" ಎಂದರು.

ತಂದೆಯವರು ಮಾತನಾಡಲಿಲ್ಲ. ೬೨ ಕಿಲೋಮೀಟರಿನ ಹಣವನ್ನು ಮಾತ್ರ ತೆಗೆದುಕೊಂಡು ಮನೆಗೆ ಬಂದರು. ಅಂದು ರಾತ್ರಿ ಊಟಕ್ಕೆ ಕುಳಿತವರು ಅರ್ಧಕ್ಕೇ ಎದ್ದರು. "ಇಪ್ಪತ್ತೆಂಟು ವರ್ಷದಲ್ಲಿ ಈ ಮಾತು ಯಾರೂ ಅಂದಿರಲಿಲ್ಲ ಕಣಪ್ಪಾ. ಅಂದವರು ಸುಳ್ಳು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಹೇಳಿದ್ದು ನಿಜವೇ ಇದ್ದರೆ?" ಎಂದರು. ಆ ಕೊನೆಯ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ರೋಗವನ್ನು ತಿಳಿಯುವ ಮೊದಲು ಶರೀರದ ರಚನೆಯನ್ನು ತಿಳಿಯಬೇಕಷ್ಟೆ. ಚಾಲಕರು ಸುಮ್ಮನೆ 'ಮೀಟರು' ಎಂದು ಕರೆಯುವ ವಸ್ತುವಿನಲ್ಲಿ ನಿಜವಾಗಿ ಎರಡು ಯಂತ್ರಗಳಿವೆ. ಒಂದು, ಈ ಕ್ಷಣದಲ್ಲಿ ಗಾಡಿ ಎಷ್ಟು ವೇಗವಾಗಿ ಓಡುತ್ತಿದೆ ಎಂದು ಮುಳ್ಳಿನಿಂದ ತೋರಿಸುವ ಸ್ಪೀಡಾಮೀಟರು, ಅಂದರೆ ವೇಗಮಾಪಕ. ಇನ್ನೊಂದು, ಒಟ್ಟು ಎಷ್ಟು ದೂರ ಓಡಿದೆ ಎಂದು ಉರುಳುವ ಅಂಕಿಗಳಿಂದ ತೋರಿಸುವ ದೂರಮಾಪಕ. ಹಳೆಯ ಕಾರುಗಳಲ್ಲಿ ಇವೆರಡಕ್ಕೂ ಚಲನೆ ಬರುವುದು ಒಂದೇ ದಾರಿಯಿಂದ. ಗೇರ್‌ಬಾಕ್ಸಿನ ಹಿಂಬದಿಯಲ್ಲಿ, ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ದಂಡದ ಮೇಲೆ ಒಂದು ಚಿಕ್ಕ ಹಲ್ಲುಚಕ್ರವಿರುತ್ತದೆ. ಅದು ಒಂದು ಕೇಬಲ್ಲನ್ನು ತಿರುಗಿಸುತ್ತದೆ. ಸೈಕಲ್ಲಿನ ಬ್ರೇಕ್ ಕೇಬಲ್ಲಿನ ಹಾಗೆ ಇದಕ್ಕೂ ಹೊರಗೆ ಕೊಳವೆ, ಒಳಗೆ ತಂತಿ. ಆದರೆ ಬ್ರೇಕಿನ ತಂತಿ ಎಳೆಯುತ್ತದೆ, ಇದು ತಿರುಗುತ್ತದೆ. ಉಕ್ಕಿನ ಸಣ್ಣ ಎಳೆಗಳನ್ನು ಒಂದರ ಮೇಲೊಂದು ಪದರವಾಗಿ ಸುತ್ತಿ ಮಾಡಿದ ಈ ತಂತಿಯ ತುದಿಗಳು ಚೌಕವಾಗಿರುತ್ತವೆ. ಕೆಳಗಿನ ಚೌಕ ಗೇರ್‌ಬಾಕ್ಸಿನೊಳಕ್ಕೂ ಮೇಲಿನ ಚೌಕ ಮೀಟರಿನೊಳಕ್ಕೂ ಕೂರುತ್ತವೆ.

ಕೇಬಲ್ಲಿನ ತಿರುಗಾಟವು ಮುಳ್ಳಿನ ವಾಲಾಟವಾಗುವ ಬಗೆ ಬಹಳ ಸ್ವಾರಸ್ಯವಾದದ್ದು. ಮೀಟರಿನೊಳಗೆ ಕೇಬಲ್ಲು ಒಂದು ಶಾಶ್ವತ ಆಯಸ್ಕಾಂತವನ್ನು ತಿರುಗಿಸುತ್ತದೆ. ಆಯಸ್ಕಾಂತಕ್ಕೆ ತಾಕದಂತೆ ಆದರೆ ಬಹಳ ಹತ್ತಿರದಲ್ಲಿ, ಬಟ್ಟಲಿನಾಕಾರದ ಒಂದು ಅಲ್ಯೂಮಿನಿಯಂ ತುಂಡು ಇದೆ. ಮುಳ್ಳು ಈ ಬಟ್ಟಲಿಗೆ ಸೇರಿದ್ದು. ಆಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಹಲ್ಲಿಲ್ಲ, ಕೊಂಡಿಯಿಲ್ಲ, ಗಾಳಿ ಮಾತ್ರ. ಅಲ್ಯೂಮಿನಿಯಮ್ಮನ್ನು ಆಯಸ್ಕಾಂತ ಆಕರ್ಷಿಸುವುದೂ ಇಲ್ಲ. ಹಾಗಾದರೆ ಬಟ್ಟಲು ತಿರುಗುವುದೆಂತು? ೧೮೨೪ರಲ್ಲಿ ಫ್ರಾನ್ಸಿನ ವಿಜ್ಞಾನಿ ಅರಾಗೊ, ತಾಮ್ರದ ತಟ್ಟೆಯೊಂದನ್ನು ತಿರುಗಿಸಿದರೆ ಅದರ ಮೇಲೆ ತೂಗುಹಾಕಿದ ಕಾಂತಸೂಜಿಯೂ ಅದನ್ನು ಹಿಂಬಾಲಿಸುವುದನ್ನು ಕಂಡಿದ್ದನು. ಏಕೆಂಬುದು ಆಗ ಗೊತ್ತಾಗಲಿಲ್ಲ. ೧೮೩೧ರಲ್ಲಿ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ ಮೇಲೆ ಒಗಟು ಬಿಡಿಸಿತು. ಚಲಿಸುವ ಆಯಸ್ಕಾಂತವು ಹತ್ತಿರದ ಲೋಹದಲ್ಲಿ ನೀರಿನ ಸುಳಿಗಳಂಥ ವಿದ್ಯುತ್ ಪ್ರವಾಹಗಳನ್ನು ಎಬ್ಬಿಸುತ್ತದೆ. ಆ ಸುಳಿಗಳು ತಾವೂ ಸಣ್ಣ ಆಯಸ್ಕಾಂತಗಳಾಗಿ ವರ್ತಿಸಿ ಲೋಹವನ್ನು ಎಳೆದುಕೊಂಡು ಹೋಗುತ್ತವೆ. ಹಳೆಯ ರೇಡಿಯೋದ ಸ್ಪೀಕರಿನ ದೊಡ್ಡ ಆಯಸ್ಕಾಂತ ಸಿಕ್ಕಿದರೆ ಇದನ್ನು ಮನೆಯಲ್ಲಿಯೇ ನೋಡಬಹುದು. ಪಾತ್ರೆಯ ಹಗುರವಾದ ಅಲ್ಯೂಮಿನಿಯಂ ಮುಚ್ಚಳವನ್ನು ದಾರದಲ್ಲಿ ಸಮವಾಗಿ ತೂಗುಹಾಕಿ, ಅದರ ಕೆಳಗೆ ಆಯಸ್ಕಾಂತವನ್ನು ಅಂಚಿನುದ್ದಕ್ಕೂ ಬೇಗಬೇಗ ಸುತ್ತಿಸಿ. ಮುಚ್ಚಳ ಮೆಲ್ಲಗೆ ಅದೇ ದಿಕ್ಕಿಗೆ ತಿರುಗತೊಡಗುತ್ತದೆ.

ಬಟ್ಟಲು ತನ್ನ ಪಾಡಿಗೆ ಸುತ್ತಿಕೊಂಡು ಹೋಗದಂತೆ ತಡೆಯಲು ಕೈಗಡಿಯಾರದಲ್ಲಿರುವಂಥ ಕೂದಲೆಳೆಯ ಸ್ಪ್ರಿಂಗೊಂದು ಇರುತ್ತದೆ. ಆಯಸ್ಕಾಂತದ ವೇಗ ಇಮ್ಮಡಿಯಾದರೆ ಎಳೆತವೂ ಇಮ್ಮಡಿ. ಸ್ಪ್ರಿಂಗನ್ನು ಇಮ್ಮಡಿ ಬಾಗಿಸಬೇಕಾದರೆ ಬೇಕಾಗುವ ಬಲವೂ ಇಮ್ಮಡಿ. ಆದ್ದರಿಂದ ಎರಡೂ ಸಮವಾಗುವ ಸ್ಥಳದಲ್ಲಿ ಮುಳ್ಳು ನಿಲ್ಲುತ್ತದೆ. ಅಂಕಿಗಳನ್ನು ಸಮಾನ ಅಂತರದಲ್ಲಿ ಬರೆದರೆ ಸಾಕಾಗುತ್ತದೆ. ಈ ತತ್ತ್ವವನ್ನು ವೇಗಮಾಪಕಕ್ಕೆ ಅಳವಡಿಸಿ ೧೯೦೨ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಪಡೆದವನು ಆಟೋ ಶುಲ್ಜೆ. ದೂರಮಾಪಕದಲ್ಲಿ ಇಂಥ ಮಾಯೆಯೇನೂ ಇಲ್ಲ. ಅದೇ ಕೇಬಲ್ಲಿನ ದಂಡದಿಂದ ಹಲ್ಲುಚಕ್ರಗಳ ಮೂಲಕ ಅಂಕಿಯ ಉರುಳೆಗಳು ತಿರುಗುತ್ತವೆ. ಅದು ಬರೀ ಎಣಿಕೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದೇ ಕೇಬಲ್ಲು ಎರಡು ಯಂತ್ರಗಳನ್ನು ನಡೆಸುವುದರಿಂದ, ಕೆಟ್ಟ ಮೀಟರಿನ ಮುಂದೆ ಕುಳಿತವನು ಮೊದಲು ಕೇಳಬೇಕಾದ ಪ್ರಶ್ನೆ ಇದು: ಮುಳ್ಳು ಮತ್ತು ಅಂಕಿ, ಇವೆರಡರಲ್ಲಿ ಯಾವುದು ಕೆಟ್ಟಿದೆ? ಎರಡೂ ಸತ್ತಿದ್ದರೆ ದೋಷ ಮೀಟರಿನ ಕೆಳಗಡೆ ಇದೆ. ಕೇಬಲ್ಲು ತುಂಡಾಗಿರಬೇಕು, ಅದರ ತುದಿ ಜಾರಿರಬೇಕು, ಇಲ್ಲವೆ ಗೇರ್‌ಬಾಕ್ಸಿನ ಹಲ್ಲುಚಕ್ರ ಸವೆದಿರಬೇಕು. ಮೀಟರಿನ ಹಿಂದಿನ ನಟ್ಟನ್ನು ಬಿಚ್ಚಿ, ಇನ್ನೊಬ್ಬರಿಂದ ಗಾಡಿಯನ್ನು ನಿಧಾನವಾಗಿ ಓಡಿಸಿ, ಮೇಲಿನ ಚೌಕ ತುದಿ ತಿರುಗುತ್ತದೆಯೇ ಎಂದು ನೋಡಿದರೆ ನಿರ್ಣಯವಾಗುತ್ತದೆ. ಅಂಕಿ ಉರುಳುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ಕೇಬಲ್ಲನ್ನು ಮುಟ್ಟುವ ಅಗತ್ಯವೇ ಇಲ್ಲ; ದೋಷ ಮೀಟರಿನೊಳಗಿನ ಬಟ್ಟಲಿನಲ್ಲೋ ಸ್ಪ್ರಿಂಗಿನಲ್ಲೋ ಇದೆ. ಮುಳ್ಳು ಸರಿಯಾಗಿದ್ದು ಅಂಕಿ ನಿಂತಿದ್ದರೆ ಒಳಗಿನ ಸಣ್ಣ ಹಲ್ಲುಚಕ್ರ ಸವೆದಿದೆ. ಮುಳ್ಳು ಗಾಳಿಗೆ ಸಿಕ್ಕಿದ ದೀಪದಂತೆ ಅತ್ತಿತ್ತ ಅಲುಗುತ್ತಿದ್ದರೆ ಕೇಬಲ್ಲು ಒಣಗಿದೆ ಅಥವಾ ಎಲ್ಲಿಯೋ ಮುರುಟಿಕೊಂಡಿದೆ: ತಂತಿ ಒಂದು ಕಡೆ ಹಿಡಿದುಕೊಂಡು, ಹುರಿಯಾಗಿ, ಥಟ್ಟನೆ ಬಿಚ್ಚಿಕೊಳ್ಳುತ್ತದೆ. ಮುಳ್ಳು ಮೇಲಕ್ಕೆ ಹಾರಿ ಅಲ್ಲಿಯೇ ಅಂಟಿಕೊಂಡರೆ ಅಥವಾ ಮೀಟರು ಕಿರುಗುಟ್ಟಿದರೆ, ಒಳಗಿನ ಬೇರಿಂಗು ಒಣಗಿರಬೇಕು, ಇಲ್ಲವೆ ಇರಬಾರದ ಕಡೆಗೆ ಗ್ರೀಸು ಹೋಗಿ ಸೇರಿರಬೇಕು.

ಇವೆಲ್ಲಕ್ಕಿಂತ ಕಪಟಿಯಾದ ರೋಗ ಇನ್ನೊಂದಿದೆ. ಮುಳ್ಳು ಅಲುಗುವುದಿಲ್ಲ, ಅಂಕಿ ನಿಲ್ಲುವುದಿಲ್ಲ, ಸದ್ದೂ ಇಲ್ಲ. ಎಲ್ಲವೂ ನೆಟ್ಟಗಿರುತ್ತದೆ, ಲೆಕ್ಕ ಮಾತ್ರ ತಪ್ಪು. ನಮ್ಮ ಕಾರಿಗೆ ಬಂದಿದ್ದುದು ಇದೇ.

ತಂದೆಯವರನ್ನು ಕೂರಿಸಿಕೊಂಡು ಗಾಡಿಯ ಪೂರ್ವಚರಿತ್ರೆಯನ್ನು ಕೇಳಿದೆ. ಸುಮಾರು ಆರು ತಿಂಗಳ ಹಿಂದೆ ಮುಳ್ಳು ಅಲುಗಲು ಆರಂಭವಾಯಿತಂತೆ. ಮೆಕ್ಯಾನಿಕ್ ಒಬ್ಬನು ಕೇಬಲ್ಲನ್ನು ಬಿಚ್ಚಿ ತುದಿಯಿಂದ ತುದಿಗೆ ಗ್ರೀಸು ಬಳಿದು ಹಾಕಿದನು. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಮುಳ್ಳು ನೂರರ ಹತ್ತಿರ ಹೋಗಿ ಅಂಟಿಕೊಂಡಿತು. ಅವನು "ಮೀಟರು ಹೋಯಿತು" ಎಂದು ಹೇಳಿ ಗುಜರಿಯಿಂದ ಅಂಥದೇ ಇನ್ನೊಂದನ್ನು ತಂದು ಕೂರಿಸಿದನು. ಅಂದಿನಿಂದ ನಾಲ್ಕು ತಿಂಗಳಾಗಿವೆ. ತಂದೆಯವರು ಹಳೆಯ ಮೀಟರನ್ನು ಎಸೆದಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದರು. ಬದಲಾಯಿಸಿದ ದಿನ ಎರಡು ಮೀಟರುಗಳಲ್ಲಿಯೂ ಇದ್ದ ಅಂಕಿಗಳನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಮೀಟರು ಬದಲಾಯಿಸುವವರೆಲ್ಲರೂ ಇದನ್ನು ತಪ್ಪದೆ ಮಾಡಬೇಕು.

ಮರುದಿನ ಬೆಳಿಗ್ಗೆ ಸಂಚಾರ ಕಡಿಮೆಯಿದ್ದ ಹೊತ್ತಿನಲ್ಲಿ ಹೆದ್ದಾರಿಗೆ ಹೋದೆವು. ರಸ್ತೆಬದಿಯ ಕಿಲೋಮೀಟರು ಕಲ್ಲುಗಳೇ ನಮ್ಮ ಮೊದಲ ಸಾಕ್ಷಿ. ಒಂದೆರಡು ಕಲ್ಲುಗಳನ್ನು ನಂಬಬಾರದು. ರಸ್ತೆ ಅಗಲ ಮಾಡುವಾಗ ಅವನ್ನು ಸರಿಸಿರಬಹುದು. ಹತ್ತು ಕಲ್ಲು ದಾಟಿದರೆ ಸಣ್ಣ ತಪ್ಪುಗಳು ಕರಗಿಹೋಗುತ್ತವೆ. ಹತ್ತು ಕಿಲೋಮೀಟರಿಗೆ ನಮ್ಮ ಮೀಟರಿನ ಅಂಕಿ ಹನ್ನೊಂದು ಉರುಳಿತು. ತಂದೆಯವರು ಗಾಡಿಯನ್ನು ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಎರಡನೆಯ ಸಾಕ್ಷಿ ಕೈಗಡಿಯಾರ. ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಕಿಲೋಮೀಟರನ್ನು ಸರಿಯಾಗಿ ೬೦ ಸೆಕೆಂಡಿನಲ್ಲಿ ದಾಟಬೇಕು. ಹಿಂತಿರುಗುವಾಗ ತಂದೆಯವರು ಮುಳ್ಳನ್ನು ೬೦ರ ಮೇಲೆ ಅಲುಗಾಡದಂತೆ ಹಿಡಿದರು. ಪಕ್ಕದಲ್ಲಿ ಕುಳಿತು ನಾನು ಎಣಿಸಿದೆ. ೬೬ ಸೆಕೆಂಡು ಹಿಡಿಯಿತು. ೩೬೦೦ನ್ನು ೬೬ರಿಂದ ಭಾಗಿಸಿದರೆ ನಿಜವಾದ ವೇಗ ಐವತ್ತನಾಲ್ಕೂವರೆ.

ಈ ಎರಡು ಸಾಕ್ಷ್ಯಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಮುಖ್ಯ ಸಂಗತಿ ಹೊರಬೀಳುತ್ತದೆ. ಅಂಕಿಯೂ ಹತ್ತಕ್ಕೆ ಹನ್ನೊಂದು ಹೇಳುತ್ತಿದೆ, ಮುಳ್ಳೂ ಹತ್ತಕ್ಕೆ ಹನ್ನೊಂದೇ ಹೇಳುತ್ತಿದೆ. ಮುಳ್ಳು ಮಾತ್ರ ತಪ್ಪಿದ್ದರೆ ಸ್ಪ್ರಿಂಗು ಬಲಗುಂದಿದೆ ಅಥವಾ ಆಯಸ್ಕಾಂತ ಸೊರಗಿದೆ ಎನ್ನಬಹುದಿತ್ತು. ಬಲಗುಂದಿದ ಸ್ಪ್ರಿಂಗು ವೇಗವನ್ನು ಹೆಚ್ಚಾಗಿಯೂ ಸೊರಗಿದ ಆಯಸ್ಕಾಂತ ಕಡಿಮೆಯಾಗಿಯೂ ತೋರಿಸುತ್ತವೆ. ಆದರೆ ಸ್ಪ್ರಿಂಗಿಗೂ ದೂರದ ಎಣಿಕೆಗೂ ಸಂಬಂಧವೇ ಇಲ್ಲ. ಇಬ್ಬರು ಸಾಕ್ಷಿಗಳು ಒಂದೇ ಸುಳ್ಳನ್ನು ಒಂದೇ ಪ್ರಮಾಣದಲ್ಲಿ ಹೇಳಿದರೆ ಅವರಿಬ್ಬರಿಗೂ ಹೇಳಿಕೊಟ್ಟವರು ಒಬ್ಬರೇ ಇರಬೇಕು. ಎಂದರೆ, ಕೇಬಲ್ಲು ತಿರುಗುವ ಲೆಕ್ಕಕ್ಕೂ ಮೀಟರು ನಿರೀಕ್ಷಿಸುವ ಲೆಕ್ಕಕ್ಕೂ ಹೊಂದಾಣಿಕೆಯಿಲ್ಲ.

ಇದಕ್ಕೆ ಕಾರಣಗಳು ಮೂರು ಇರಬಹುದು. ಮೊದಲನೆಯದು, ಚಕ್ರ. ಅಳತೆ ಚಿಕ್ಕದಾದ ಟೈರು ಹಾಕಿದರೆ ಅದೇ ದೂರಕ್ಕೆ ಚಕ್ರ ಹೆಚ್ಚು ಸಲ ಸುತ್ತಬೇಕಾಗುತ್ತದೆ. ಟೈರು ಸವೆದರೂ ಹೀಗಾಗುತ್ತದೆ. ಆದರೆ ೩೨ ಸೆಂಟಿಮೀಟರ್ ತ್ರಿಜ್ಯದ ಟೈರು ೬ ಮಿಲಿಮೀಟರ್ ಸವೆದರೂ ವ್ಯತ್ಯಾಸ ನೂರಕ್ಕೆ ಎರಡನ್ನು ಮೀರದು. ನಮ್ಮ ಟೈರುಗಳ ಅಳತೆ ಮೊದಲಿನದೇ. ಎರಡನೆಯದು, ಗೇರ್‌ಬಾಕ್ಸಿನ ಹಲ್ಲುಚಕ್ರ ಬದಲಾಗಿರುವುದು. ಗೇರ್‌ಬಾಕ್ಸನ್ನು ಯಾರೂ ಮುಟ್ಟಿರಲಿಲ್ಲ. ಮೂರನೆಯದು, ಮೀಟರೇ ಬೇರೆ ಲೆಕ್ಕದ್ದಾಗಿರುವುದು. ನೋಡಲು ಒಂದೇ ರೀತಿ ಇರುವ ಮೀಟರುಗಳೆಲ್ಲ ಒಂದೇ ಅಲ್ಲ. ಕೇಬಲ್ಲು ಇಷ್ಟು ಸುತ್ತು ತಿರುಗಿದರೆ ಒಂದು ಕಿಲೋಮೀಟರ್ ಎಂಬುದು ಪ್ರತಿಯೊಂದರಲ್ಲಿಯೂ ನಿಗದಿಯಾಗಿರುತ್ತದೆ. ಮೈಲಿಯಲ್ಲಿ ತೋರಿಸುವ ಹಳೆಯ ಮೀಟರುಗಳಲ್ಲಿ ಇಷ್ಟು ಸುತ್ತಿಗೆ ಒಂದು ಮೈಲಿ. ಅನೇಕ ಮೀಟರುಗಳಲ್ಲಿ ಆ ಸಂಖ್ಯೆಯನ್ನು ಮುಖದ ಮೇಲೆಯೇ, ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ಅಚ್ಚು ಮಾಡಿರುತ್ತಾರೆ. ಗುಜರಿಯ ಮೀಟರಿನ ಮುಖದ ಕೆಳಗಡೆ ೫೮೦ ಎಂದಿತ್ತು. ಡಿಕ್ಕಿಯಲ್ಲಿದ್ದ ಹಳೆಯದನ್ನು ಬಿಚ್ಚಿ ನೋಡಿದೆ: ೬೪೦.

ಆದರೂ ಅಚ್ಚಾದದ್ದನ್ನೆಲ್ಲ ನಂಬಬಾರದೆಂದು ನಮ್ಮ ಗುರುಗಳು ಹೇಳಿಕೊಟ್ಟಿದ್ದರು. ಪರೀಕ್ಷೆ ಮಾಡುವುದು ಕಷ್ಟವೇನೂ ಆಗಲಿಲ್ಲ. ಮೀಟರಿನ ಕೊನೆಯ ಅಂಕಿ ನೂರು ಮೀಟರಿನದು. ತುಂಡು ಕೇಬಲ್ಲೊಂದನ್ನು ಮೀಟರಿನ ಹಿಂದಿನ ಚೌಕ ರಂಧ್ರಕ್ಕೆ ಸಿಕ್ಕಿಸಿ ಬೆರಳಿನಿಂದ ತಿರುಗಿಸುತ್ತ ಎಣಿಸಿದೆ. ಗುಜರಿಯದರಲ್ಲಿ ೫೮ ಸುತ್ತಿಗೆ ಒಂದು ಅಂಕಿ ಮುಂದೆ ಹೋಯಿತು. ಹಳೆಯದರಲ್ಲಿ ೬೪ ಸುತ್ತು ಬೇಕಾಯಿತು. ಇನ್ನುಳಿದದ್ದು, ನಮ್ಮ ಗಾಡಿ ನಿಜವಾಗಿ ಎಷ್ಟು ಸುತ್ತು ಕೊಡುತ್ತದೆ ಎಂಬುದು. ಮೀಟರಿನ ಕಡೆಯ ಕೇಬಲ್ಲನ್ನು ಬಿಚ್ಚಿ, ಚೌಕ ತುದಿಗೆ ರಟ್ಟಿನ ಒಂದು ಚಿಕ್ಕ ಬಾವುಟವನ್ನು ಅಂಟಿಸಿದೆ. ಸಮತಟ್ಟಾದ ಮೈದಾನದಲ್ಲಿ ಟೇಪು ಹಿಡಿದು ೨೦ ಮೀಟರ್ ಅಳೆದು ಎರಡು ಗೆರೆ ಎಳೆದೆವು. ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಮೂವರು ಗೆಳೆಯರು ಗಾಡಿಯನ್ನು ನೆಟ್ಟಗೆ ತಳ್ಳಿದರು. ಬಾವುಟ ಹನ್ನೆರಡೂ ಮುಕ್ಕಾಲು ಸುತ್ತು ಸುತ್ತಿತು. ಇದನ್ನು ೫೦ರಿಂದ ಗುಣಿಸಿದರೆ ಕಿಲೋಮೀಟರಿಗೆ ೬೩೭ೂವರೆ ಸುತ್ತು. ಜಾಕಿ ಹಾಕಿ ಒಂದೇ ಹಿಂಚಕ್ರವನ್ನು ತಿರುಗಿಸಿ ಎಣಿಸುವವರಿಗೆ ಒಂದು ಎಚ್ಚರಿಕೆ: ಡಿಫರೆನ್ಷಿಯಲ್ಲಿನ ಕಾರಣದಿಂದ, ಒಂದು ಚಕ್ರ ನಿಂತಿದ್ದು ಇನ್ನೊಂದು ಮಾತ್ರ ತಿರುಗಿದಾಗ ನಡುವಿನ ದಂಡ ಅರ್ಧದಷ್ಟೇ ತಿರುಗುತ್ತದೆ, ಲೆಕ್ಕವೂ ಅರ್ಧವಾಗಿಬಿಡುತ್ತದೆ. ತಳ್ಳುವುದೇ ಮೇಲು.

೬೩೭ೂವರೆಯನ್ನು ೫೮೦ರಿಂದ ಭಾಗಿಸಿ ನೋಡಿ. ೧.೧ ಬರುತ್ತದೆ. ಹತ್ತಕ್ಕೆ ಹನ್ನೊಂದು ಎಂದರೆ ಇದೇ. ಬೆಂಗಳೂರಿನವರು ತೋರಿಸಿದ ೬೨ನ್ನು ೧.೧ರಿಂದ ಗುಣಿಸಿದರೆ ೬೮ ಬರುತ್ತದೆ. ಅವರ ಫೋನು ನಿಜ ಹೇಳಿತ್ತು. ನಮ್ಮ ಮೀಟರು ಸುಳ್ಳು ಹೇಳಿತ್ತು. ಹಳೆಯ ಮೀಟರಾದರೋ ೬೪೦ರದು. ಅದು ಕಿಲೋಮೀಟರಿಗೆ ನಾಲ್ಕು ಮೀಟರಿನಷ್ಟು ಕಡಿಮೆ ಹೇಳುತ್ತಿತ್ತು. ಅದೂ ಗಿರಾಕಿಯ ಲಾಭಕ್ಕೆ.

ಆದ್ದರಿಂದ ಹಳೆಯ ಮೀಟರನ್ನೇ ಬದುಕಿಸಬೇಕಾಯಿತು. ಅದು ಕೆಟ್ಟದ್ದೇಕೆಂಬುದು ಈಗ ಸ್ಪಷ್ಟವಾಗಿತ್ತು. ತಿರುಗುವ ತಂತಿ ಗ್ರೀಸನ್ನು ತಿರುಪಿನ ಹಾಗೆ ಮೇಲಕ್ಕೆ ಏರಿಸುತ್ತದೆ. ತುದಿಯವರೆಗೆ ಬಳಿದ ಗ್ರೀಸು ಎರಡು ತಿಂಗಳಲ್ಲಿ ಮೀಟರಿನೊಳಕ್ಕೆ ಹತ್ತಿ, ಗಾಳಿ ಮಾತ್ರ ಇರಬೇಕಾದ ಆಯಸ್ಕಾಂತ ಮತ್ತು ಬಟ್ಟಲಿನ ಸಂದಿಯಲ್ಲಿ ತುಂಬಿಕೊಂಡಿತ್ತು. ಆಯಸ್ಕಾಂತ ತಿರುಗಿದಂತೆ ಬಟ್ಟಲನ್ನು ಗ್ರೀಸೇ ಎಳೆದೊಯ್ದು ಮುಳ್ಳನ್ನು ನೂರರ ಹತ್ತಿರ ಅಂಟಿಸಿತ್ತು. ಸ್ಪ್ರಿಂಗಿನ ಕೆಲಸಕ್ಕೆ ನನ್ನ ಕೈ ಸಾಲದು. ನಮ್ಮ ಪೇಟೆಯ ಗಡಿಯಾರ ರಿಪೇರಿಯ ವೃದ್ಧರೊಬ್ಬರ ಬಳಿಗೆ ಒಯ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಮುಂದಿನ ಬಳೆಯನ್ನು ಬಿಡಿಸಿ, ಸಣ್ಣ ಕುಂಚವನ್ನು ಪೆಟ್ರೋಲಿನಲ್ಲಿ ಅದ್ದಿ ಸಂದಿಯನ್ನು ತೊಳೆದರು. ಆಯಸ್ಕಾಂತದ ದಂಡ ತಿರುಗುವ ಬುಷ್ಷಿಗೆ ಒಂದೇ ಒಂದು ತೊಟ್ಟು ತೆಳುವಾದ ಎಣ್ಣೆ ಬಿಟ್ಟರು. ಬಟ್ಟಲಿಗೆ ಬಿಡಲಿಲ್ಲ. "ಎಣ್ಣೆ ಹಾಕೋದು ಎಲ್ಲರಿಗೂ ಬರ್ತದೆ ಮಗು, ಹಾಕದೆ ಇರೋದು ಕಲೀಬೇಕು" ಎಂದರು.

ಕೇಬಲ್ಲಿನ ಕೆಲಸವನ್ನು ನಾನೇ ಮಾಡಿದೆ. ಮೀಟರಿನ ಹಿಂದೆ ಕೈಹಾಕುವ ಮೊದಲು ಬ್ಯಾಟರಿಯ ಒಂದು ತಂತಿಯನ್ನು ಬಿಚ್ಚಿಡಬೇಕು. ಅಲ್ಲಿ ದೀಪದ ತಂತಿಗಳಿರುತ್ತವೆ. ಒಳತಂತಿಯನ್ನು ಹೊರಗೆಳೆದು ಸೀಮೆಎಣ್ಣೆಯಲ್ಲಿ ತೊಳೆದು ಒರಸಿದೆ. ಅದರ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಉಯ್ಯಾಲೆಯ ಹಗ್ಗದ ಹಾಗೆ ಇಳಿಬಿಟ್ಟು, ಒಂದು ತುದಿಯನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಬೇಕು. ಒಳ್ಳೆಯ ತಂತಿ ಮೆತ್ತಗೆ ತಿರುಗುತ್ತದೆ. ಮುರುಟಿದ ತಂತಿ ಆ ಸ್ಥಳದಲ್ಲಿ ಹಾವಿನಂತೆ ಹೊರಳುತ್ತದೆ. ನಮ್ಮದು ನಡುವೆ ಒಂದು ಕಡೆ ಹೊರಳಿತು. ಮೊದಲ ದಿನ ಮುಳ್ಳು ಅಲುಗಿದ್ದಕ್ಕೆ ಅದೇ ಕಾರಣ. ಮುರುಟಿದ್ದನ್ನು ಬಡಿದು ನೆಟ್ಟಗೆ ಮಾಡುವುದು ವ್ಯರ್ಥ. ಹೊಸ ಕೇಬಲ್ಲು ತಂದೆ. ಇಷ್ಟನ್ನು ಅಂದೇ ಮಾಡಿದ್ದರೆ ಮುಂದಿನ ರಗಳೆ ಯಾವುದೂ ಇರುತ್ತಿರಲಿಲ್ಲ.

ಹೊಸ ತಂತಿಗೆ ತೆಳುವಾಗಿ ಗ್ರೀಸು ಸವರಿ ಕೊಳವೆಯೊಳಕ್ಕೆ ಬಿಟ್ಟು, ಮತ್ತೆ ಮೇಲಿನ ತುದಿಯನ್ನು ಸುಮಾರು ೨೦ ಸೆಂಟಿಮೀಟರ್ ಹೊರಗೆಳೆದು, ಆ ಭಾಗದ ಗ್ರೀಸನ್ನು ಬಟ್ಟೆಯಿಂದ ಪೂರ್ತಿ ಒರಸಿ, ಮರಳಿ ಒಳಗೆ ತಳ್ಳಿದೆ. ಕೆಳಗಿನ ಚೌಕ ಸರಿಯಾಗಿ ಕುಳಿತಿದ್ದರೆ ಮೇಲಿನ ತುದಿ ಕೊಳವೆಯಿಂದ ಸುಮಾರು ಒಂದು ಸೆಂಟಿಮೀಟರ್ ಹೊರಗಿರುತ್ತದೆ. ಕೇಬಲ್ಲನ್ನು ಎಲ್ಲಿಯೂ ಚೂಪಾಗಿ ಬಗ್ಗಿಸಬಾರದು. ಬಾಗು ೧೫ ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಬಾರದು. ಮೀಟರಿನ ಹತ್ತಿರದ ೫ ಸೆಂಟಿಮೀಟರ್ ನೆಟ್ಟಗೇ ಇರಬೇಕು. ನಟ್ಟನ್ನು ಕೈಯಿಂದ ಬಿಗಿದರೆ ಸಾಕು.

ಮತ್ತೆ ಹೆದ್ದಾರಿಗೆ ಹೋದೆವು. ಹತ್ತು ಕಲ್ಲಿಗೆ ಹತ್ತು ಕಿಲೋಮೀಟರ್. ಮುಳ್ಳು ೬೦ರಲ್ಲಿ ನಿಂತಾಗ ಕಲ್ಲಿನಿಂದ ಕಲ್ಲಿಗೆ ೬೦ ಸೆಕೆಂಡು. ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು. ತಂದೆಯವರ ಮಟ್ಟಿಗೆ ಆಗ ಆರಂಭವಾಯಿತು.

ಮನೆಗೆ ಬಂದವರೇ ಬಾಡಿಗೆಯ ಪುಸ್ತಕವನ್ನು ತೆಗೆದು ನನ್ನ ಮುಂದಿಟ್ಟರು. "ನಾಲ್ಕು ತಿಂಗಳದ್ದು ಲೆಕ್ಕ ಹಾಕು" ಎಂದರು. ಗುಜರಿಯ ಮೀಟರಿನ ಮೇಲೆ ೩,೮೫೦ ಕಿಲೋಮೀಟರಿಗೆ ಬಾಡಿಗೆ ತೆಗೆದುಕೊಂಡಿದ್ದರು: ೪೬,೨೦೦ ರೂಪಾಯಿ. ನೂರಕ್ಕೆ ಹತ್ತು ಹೆಚ್ಚಾಗಿದೆಯಲ್ಲ, ಹತ್ತರಲ್ಲಿ ಒಂದು ಪಾಲು ಹಿಂದಕ್ಕೆ ಕೊಟ್ಟರಾಯಿತು ಎಂದೆ. ಐದನೆಯ ತರಗತಿಯವರೆಗೆ ಓದಿದ್ದ ತಂದೆಯವರು ನಕ್ಕರು. "ಹತ್ತು ಓಡಿ ಹನ್ನೊಂದರ ದುಡ್ಡು ಇಸ್ಕೊಂಡಿದ್ದೀನಿ. ಹನ್ನೊಂದರಲ್ಲಿ ಒಂದು ಅವರದು" ಎಂದರು. ಅವರ ಲೆಕ್ಕ ಸರಿ. ಹನ್ನೊಂದರಲ್ಲಿ ಒಂದು ಎಂದರೆ ೪,೨೦೦ ರೂಪಾಯಿ. ನಮ್ಮ ಮನೆಗೆ ಅದು ಸಣ್ಣ ಮೊತ್ತವಲ್ಲ. ನನ್ನ ಪರೀಕ್ಷೆಯ ಶುಲ್ಕ ಕಟ್ಟುವ ತಿಂಗಳು ಅದು.

ಪರಿಚಯವಿದ್ದ ಗಿರಾಕಿಗಳ ಪಾಲು ೨,೯೦೪ ರೂಪಾಯಿ ಆಯಿತು. ಮುಂದಿನ ಎರಡು ತಿಂಗಳಲ್ಲಿ ಒಬ್ಬೊಬ್ಬರ ಮನೆಗೂ ಹೋಗಿ ಕೊಟ್ಟುಬಂದರು. ಕೆಲವರು ಬೇಡವೆಂದರು, ಕೆಲವರು ಎಣಿಸಿ ತೆಗೆದುಕೊಂಡರು, ಒಬ್ಬರು "ಇನ್ನೂ ಎಷ್ಟು ವರ್ಷದಿಂದ ಹೀಗೆ ನಡೆದಿತ್ತೋ" ಎಂದರು. ಆ ಮಾತಿಗೂ ತಂದೆಯವರು ಸುಮ್ಮನಿದ್ದರು. ಹೆಸರು ಗೊತ್ತಿಲ್ಲದವರ ಪಾಲು ೧,೨೯೬ ರೂಪಾಯಿ ಉಳಿಯಿತು. ಕಿಲೋಮೀಟರಿಗೆ ೧೨ರಂತೆ ೧೦೮ ಕಿಲೋಮೀಟರ್. "ಅಷ್ಟೋತ್ತರವೇ ಆಯಿತು ಬಿಡು" ಎಂದು ಹೇಳಿ, ಪುಸ್ತಕದ ಕೊನೆಯ ಹಾಳೆಯಲ್ಲಿ '೧೦೮ ಸಾಲ' ಎಂದು ಬರೆದರು. ಬಸ್ಸು ತಪ್ಪಿ ಆಸ್ಪತ್ರೆಗೆ ಹೋಗಬೇಕಾದ ಬಡವರು ಸಿಕ್ಕಿದಾಗಲೆಲ್ಲ ಕರೆದೊಯ್ದು, ಆ ದೂರವನ್ನು ಅಲ್ಲಿ ಕಳೆಯುತ್ತ ಬಂದರು. ಒಂಬತ್ತು ತಿಂಗಳ ಮೇಲೆ ಅದು ಸೊನ್ನೆಗೆ ಬಂತು.

ಅಂಬಾಸಡರ್ ಕಾರಿನ ತಯಾರಿಕೆ ಆ ೨೦೧೪ರ ಮೇ ತಿಂಗಳಿನಲ್ಲಿಯೇ ನಿಂತುಹೋಯಿತು. ಇಂದಿನ ಕಾರುಗಳಲ್ಲಿ ಇಂಥ ಕೇಬಲ್ಲು ಇಲ್ಲ. ಚಕ್ರದ ಅಥವಾ ಗೇರ್‌ಬಾಕ್ಸಿನ ಬಳಿಯ ಸೆನ್ಸರು ಸುತ್ತುಗಳನ್ನು ವಿದ್ಯುತ್ ಸಂಕೇತಗಳಾಗಿ ಕಳುಹಿಸುತ್ತದೆ, ಗಣಕವೊಂದು ಎಣಿಸುತ್ತದೆ. ಆದರೆ ಅದು ಎಣಿಸುವುದೂ ಚಕ್ರದ ಸುತ್ತನ್ನೇ ಆದ್ದರಿಂದ, ಅಳತೆ ತಪ್ಪಿದ ಟೈರು ಹಾಕಿದವರಿಗೆ ಅದೂ ಸುಳ್ಳನ್ನೇ ಹೇಳುತ್ತದೆ. ಇನ್ನು ಮುಳ್ಳಿಗೆ ಸ್ವಲ್ಪ ರಿಯಾಯಿತಿ ಉಂಟು. ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ವಾಹನ ನಿಯಮಗಳಲ್ಲಿ ೩೯ನೆಯದರ ಪ್ರಕಾರ, ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸಿದರೆ, ನಿಜವಾದ ವೇಗದ ಹತ್ತನೆಯ ಒಂದು ಭಾಗ ಮತ್ತು ೪ ಕಿಲೋಮೀಟರ್ ಸೇರಿದಷ್ಟನ್ನು ಮೀರಬಾರದು. ಚಾಲಕನನ್ನು ನಿಧಾನಗೊಳಿಸುವ ಸುಳ್ಳಿನಿಂದ ಪ್ರಾಣ ಉಳಿಯಬಹುದೆಂಬ ವಿವೇಕ ಅದರಲ್ಲಿದೆ. ದೂರದ ಅಂಕಿ ಹಾಗಲ್ಲ. ಅದರ ಮೇಲೆ ಇನ್ನೊಬ್ಬರ ಹಣ ನಿಂತಿರುತ್ತದೆ.

ಬೆಂಗಳೂರಿನ ಆ ಹಿರಿಯರು ಎರಡು ವರ್ಷದ ಮೇಲೆ ಮತ್ತೆ ಹಾಸನಕ್ಕೆ ಬಂದರು. ಕಾರು ನಿಲ್ದಾಣದಲ್ಲಿ ತಂದೆಯವರನ್ನು ಗುರುತಿಸದೆ, ಹಳೇಬೀಡಿಗೆ ಎಷ್ಟಾಗುತ್ತದೆಂದು ಕೇಳಿದರಂತೆ. ತಂದೆಯವರು ಹಿಂದಿನದನ್ನು ನೆನಪಿಸಲಿಲ್ಲ. "ನಿಮ್ಮ ಫೋನಿನಲ್ಲಿ ಎಷ್ಟು ತೋರಿಸುತ್ತದೋ ಅಷ್ಟಕ್ಕೆ ಕೊಡಿ ಸ್ವಾಮಿ" ಎಂದರು. ಸಂಜೆ ಇಳಿಯುವಾಗ ಅವರು ಫೋನನ್ನು ನೋಡಿದರು, ಆಮೇಲೆ ಮೀಟರನ್ನು ನೋಡಿದರು, ಆಮೇಲೆ ತಂದೆಯವರ ಮುಖವನ್ನು ಬಹಳ ಹೊತ್ತು ನೋಡಿದರು. ಎರಡರಲ್ಲಿಯೂ ೬೨ ಇತ್ತು.